ಕಪಾಟಿನಲ್ಲಿ ಉಳಿದ ಕೂಲರ್

ಮೇ ಹದಿನೆಂಟು, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ಪುತ್ತಿಗೆಯಲ್ಲಿ ನಮ್ಮ ಮನೆಯ ಹಿಂದಿನ ಶೆಡ್. ಹಾಜರಿದ್ದವರು: ನಾನು ಮತ್ತು ಐತಪ್ಪ. ಕೆಲಸ: ಸಮಿತಿಯ ಗಾಡಿಯ ಗೇರ್‌ಬಾಕ್ಸಿಗೆ ಆಯಿಲ್ ಕೂಲರ್ ಕೂರಿಸುವುದು.

ರಿಜಿಸ್ಟರಿನಲ್ಲಿ ಇಷ್ಟನ್ನು ಬರೆದು, ಪೆನ್ನಿನ ಮುಚ್ಚಳ ಹಾಕಿ, ಕಪಾಟು ತೆರೆದೆ. ಕೆಳಗಿನ ಅರೆಯಲ್ಲಿ ರಟ್ಟಿನ ಪೆಟ್ಟಿಗೆ ಇತ್ತು. ನಾಲ್ಕು ವರ್ಷಗಳಿಂದ ಅಲ್ಲೇ ಇತ್ತು. ಟೇಪು ಒಣಗಿ ಹೋಗಿ ಮುಟ್ಟುತ್ತಲೇ ಉದುರಿತು. ಮುಚ್ಚಳ ಎತ್ತಿದ ಕೂಡಲೇ ಬಳಸದ ರಬ್ಬರಿನ ವಾಸನೆ ಮುಖಕ್ಕೆ ಬಂತು. ಅಂಗಡಿಯಲ್ಲಿ ಆ ವಾಸನೆ ಒಳ್ಳೆಯದೆನಿಸುತ್ತದೆ. ನನ್ನ ಶೆಡ್ಡಿನಲ್ಲಿ ಅದನ್ನು ತಾಳಲಾರದೆ ಪೆಟ್ಟಿಗೆಯನ್ನು ಐತಪ್ಪನ ಕಡೆ ಸರಿಸಿದೆ.

ಐತಪ್ಪ ಪೆಟ್ಟಿಗೆಯಿಂದ ರಬ್ಬರ್ ಪೈಪನ್ನು ಎತ್ತಿ ಎರಡು ಕೈಯಲ್ಲಿ ಬಗ್ಗಿಸಿದ. ಅದು ಬಿರುಕು ಬಿಟ್ಟಿತು.

"ಪಾಪ, ಕಪಾಟಿನಲ್ಲೇ ಮುದಿಯಾಯ್ತು," ಎಂದ. "ನಮ್ಮ ಹಾಗೆ ಬಿಸಿಲಿಗೆ ಬೀಳ್ಲೇ ಇಲ್ಲ, ಆದರೂ."

ಹೊಸ ಪೈಪುಗಳನ್ನು ಮೊದಲೇ ತಂದಿಟ್ಟಿದ್ದೆ.

ನಮ್ಮ ಗಾಡಿ ಏನನ್ನು ಎಳೆಯುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದು ಎಳೆಯುವುದು ಚಿತೆಯನ್ನು. ಎರಡು ಚಕ್ರದ ಟ್ರೈಲರಿನ ಮೇಲೆ ಕಬ್ಬಿಣದ ದೊಡ್ಡ ಪೆಟ್ಟಿಗೆ, ಒಳಗೆ ಸುಡುವ ಜಾಗ, ಮೇಲೆ ಹೊಗೆಕೊಳವೆ, ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್. ನಮ್ಮ ಕಡೆ ಗುಡ್ಡದ ಮೇಲೆ ಮೂರು ಸೆಂಟ್ಸು, ಐದು ಸೆಂಟ್ಸು ಜಾಗದಲ್ಲಿ ಗೋಡೆಗೆ ಗೋಡೆ ತಾಗಿದ ಹಾಗೆ ಮನೆಗಳಿವೆ. ಸೌದೆ ರಾಶಿ ಹಾಕಿ ಸುಡಲು ಅಲ್ಲಿ ಜಾಗವೂ ಇಲ್ಲ, ಕಡಿಯಲು ಮರವೂ ಇಲ್ಲ. ಟ್ರೈಲರ್ ಅಂಗಳಕ್ಕೆ ಬಂದರೆ ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಹೆಣ ಮನೆಯಿಂದ ಇಳಿದು ಬೆಂಕಿ ಸೇರುವವರೆಗೆ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೂ ಹಚ್ಚುವುದಿಲ್ಲ. ಹಾಗಾಗಿ ನಾವು ತಡ ಮಾಡಿದರೆ ಒಂದು ಸಾಲಿನ ಮನೆಗಳೆಲ್ಲ ಉಪವಾಸ ಕೂರುತ್ತವೆ.

ನಮ್ಮದು ಶವಸಂಸ್ಕಾರಕ್ಕೆಂದೇ ಊರವರು ಕಟ್ಟಿದ ಸಮಿತಿ; ಅದರ ಗಾಡಿ ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಸೈನ್ಯದ ವಾಹನಗಳ ವರ್ಕ್‌ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವನು ನಾನು. ಬೆಳಿಗ್ಗೆ ನಾಲ್ಕು ಮುಕ್ಕಾಲಿಗೆ ಏಳುತ್ತೇನೆ, ಐದು ಹತ್ತಕ್ಕೆ ಕ್ಷೌರ, ಶನಿವಾರ ಎಣ್ಣೆ ತಪಾಸಣೆ, ತಿಂಗಳ ಮೊದಲ ಭಾನುವಾರ ದೊಡ್ಡ ಕೆಲಸ. ಬೋಲ್ಟುಗಳನ್ನು ಅಳತೆ ಪ್ರಕಾರ ಹಾಲಿನ ಪುಡಿಯ ಡಬ್ಬಿಗಳಲ್ಲಿ ಇಟ್ಟಿದ್ದೇನೆ. ನನ್ನ ಹೆಂಡತಿ ಬಂದವರ ಮುಂದೆ, "ಇವರಿಗೆ ಜ್ವರ ಬರುದು ಸಹ ಟೈಮ್‌ಟೇಬಲ್ ನೋಡಿ," ಎಂದು ಹೇಳುವುದುಂಟು. ನಾನದನ್ನು ಹೊಗಳಿಕೆ ಎಂದೇ ಬಹಳ ವರ್ಷ ತಿಳಿದುಕೊಂಡಿದ್ದೆ.

ಐತಪ್ಪ ನಮ್ಮ ಡ್ರೈವರ್ ಆಗಿದ್ದ. ಅವನಿಗೆ ಟೈಮ್‌ಟೇಬಲ್ ಇಲ್ಲ, ಮೂಗು ಇದೆ. ಗಲ್ಫಿನಿಂದ ಮರಳಿದ ಒಬ್ಬರು ತಾವು ಓಡಿಸಿ ಬಿಟ್ಟ ದೊಡ್ಡ ಗಾಡಿಯನ್ನು ಸಮಿತಿಗೆ ಕೊಟ್ಟಾಗ ಎಲ್ಲರಿಗೂ ಖುಷಿಯಾಗಿತ್ತು. ಅದು ಆಟೋಮ್ಯಾಟಿಕ್. ಕ್ಲಚ್ ತುಳಿಯಬೇಕಾಗಿಲ್ಲ. ನಾಲ್ಕೈದು ಸಲ ಟ್ರೈಲರ್ ಎಳೆದ ಮೇಲೆ ಐತಪ್ಪ ನನ್ನಲ್ಲಿಗೆ ಬಂದ.

"ಸುಬೇದಾರ್ರೆ, ಗುಡ್ಡ ಹತ್ತಿ ನಿಲ್ಲಿಸಿದ ಕೂಡ್ಲೆ ಅಡಿಯಿಂದ ಒಂದು ಸೀದ ವಾಸನೆ ಬರ್ತಾ ಉಂಟು."

"ಶನಿವಾರ ನೋಡಿದ್ದೇನೆ. ಎಣ್ಣೆ ಸರಿ ಇದೆ."

"ನೀವು ಬೆಳಿಗ್ಗೆ ಆರು ಗಂಟೆಗೆ ನೋಡುದು ಮಾರಾಯ್ರೆ. ಆಗ ಅದು ಮಲಗಿರ್ತದೆ. ಹತ್ತುವಾಗ ನೋಡಿ."

ಅವನು ಹೇಳಿದ್ದು ಸರಿಯಾಗಿತ್ತು. ಅಂಥ ಗಾಡಿಯಲ್ಲಿ ಎಂಜಿನಿನ ಶಕ್ತಿ ಚಕ್ರಕ್ಕೆ ಹೋಗುವುದು ಎಣ್ಣೆಯ ಮೂಲಕ. ಭಾರ ಎಳೆಯುತ್ತ ನಿಧಾನಕ್ಕೆ ಗುಡ್ಡ ಹತ್ತುವಾಗ ಎಣ್ಣೆ ಕಡೆದು ಕಡೆದು ಕಾಯುತ್ತದೆ. ಕಾದ ಎಣ್ಣೆ ತೆಳ್ಳಗಾಗಿ, ಕಂದು ಬಣ್ಣಕ್ಕೆ ತಿರುಗಿ, ಕೊನೆಗೊಂದು ದಿನ ಹಿಡಿತ ಬಿಡುತ್ತದೆ. ಅದರ ಅಳತೆಯನ್ನು ಎಂಜಿನ್ ಓಡುತ್ತಿರುವಾಗ, ಎಣ್ಣೆ ಬಿಸಿಯಿರುವಾಗ ನೋಡಬೇಕು. ನಾನು ಜೀವಮಾನವಿಡೀ ನೋಡಿದ ಹಾಗೆ ತಣ್ಣಗಿದ್ದಾಗಲೇ ಅಳತೆಯ ಕಡ್ಡಿ ಎಳೆದು, ಒರೆಸಿ, ಅದ್ದಿ, "ಸರಿ" ಎಂದು ಬರೆಯುತ್ತಿದ್ದೆ. ವಾಸನೆಗೆ ನನ್ನ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.

ಐತಪ್ಪ ಬಿಡಲಿಲ್ಲ. ಹೊಸಂಗಡಿಯ ಮೆಕ್ಯಾನಿಕ್ ಒಬ್ಬನಲ್ಲಿ ಕೇಳಿ, ಸಮಿತಿಯನ್ನು ಒಪ್ಪಿಸಿ, ಮಂಗಳೂರಿನಿಂದ ಕೂಲರ್ ತರಿಸಿ ನನ್ನ ಕೈಗೆ ಕೊಟ್ಟ. ಸ್ಲೇಟಿನಷ್ಟು ಅಗಲದ ಅಲ್ಯೂಮಿನಿಯಂ ಜಾಲರಿ. ರೇಡಿಯೇಟರಿನ ಮುಂದೆ ಕೂರಿಸಿ, ಗೇರ್‌ಬಾಕ್ಸಿನ ಎಣ್ಣೆ ಅದರೊಳಗೆ ಸುತ್ತಿ ಗಾಳಿಗೆ ತಣಿದು ಮರಳುವ ಹಾಗೆ ಮಾಡಿದರಾಯಿತು. ಅರ್ಧ ದಿನದ ಕೆಲಸ. ಅವನು ತಂದದ್ದು ತಿಂಗಳ ಎಂಟನೇ ತಾರೀಕು.

"ನಾಳೆ ಹಾಕುವನಾ?" ಎಂದು ಕೇಳಿದ.

"ಮುಂದಿನ ತಿಂಗಳ ಮೊದಲ ಭಾನುವಾರ," ಎಂದೆ.

"ಅಷ್ಟರವರೆಗೆ ಯಾರೂ ಸಾಯಬಾರದು ಅಂತ ನೋಟೀಸು ಹಾಕುವ," ಎಂದು ನಕ್ಕು ಹೋದ.

ಹನ್ನೆರಡನೇ ತಾರೀಕು ಗಿರಿಜಕ್ಕ ತೀರಿಕೊಂಡರು.

ಗಿರಿಜಕ್ಕನ ಮನೆ ಕಾರಡ್ಕದಿಂದ ಒಳಗೆ, ಗುಡ್ಡದ ತುದಿಯಲ್ಲಿ. ಕೆಳಗೆ ಬಸ್‌ಸ್ಟಾಪು, ಅಲ್ಲಿಂದ ಮೂರು ತಿರುವು ಹತ್ತಿದರೆ ರಸ್ತೆ ಅವರ ಅಂಗಳದಲ್ಲೇ ಮುಗಿಯುತ್ತದೆ. ಗಂಡ ಬಾಬಣ್ಣ ಕೆಂಪುಕಲ್ಲು ಕಡಿಯುವ ಕೆಲಸದವರು. ಮಗಳು ಶಾರದ ಅಂಗನವಾಡಿಯಲ್ಲಿ ಇದ್ದಾಳೆ. ಆ ಐದು ಸೆಂಟ್ಸಿನ ಪಟ್ಟಯಕ್ಕಾಗಿ, ಅಂದರೆ ಹಕ್ಕುಪತ್ರಕ್ಕಾಗಿ, ಗಿರಿಜಕ್ಕ ಹತ್ತೊಂಬತ್ತು ವರ್ಷ ವಿಲ್ಲೇಜ್ ಆಫೀಸಿಗೂ ತಾಲೂಕು ಆಫೀಸಿಗೂ ನಡೆದಿದ್ದರು. ನಮ್ಮ ಗಡಿನಾಡಿನ ಆಫೀಸುಗಳಲ್ಲಿ ಮಲಯಾಳದಲ್ಲೇ ಬರೆಯುವ ಆ ಕಾಗದ ಅವರಿಗೆ ಓದಲು ಬರುತ್ತಿರಲಿಲ್ಲ. ಅದು ಕೈಗೆ ಬಂದ ದಿನ ಅಂಗಳದಲ್ಲಿ ನಿಂತು, "ಇನ್ನು ನಾನು ಹೋಗುದಾದ್ರೆ ಇಲ್ಲಿಂದಲೇ, ನನ್ನ ಮಣ್ಣಿಂದ," ಎಂದರಂತೆ. ಇದನ್ನು ಅವರ ಮನೆಯವರು ನಮಗೆ ಫೋನಿನಲ್ಲೇ ಹೇಳಿದ್ದರು. ಗಾಡಿ ಅಂಗಳದವರೆಗೂ ಬರಬೇಕು ಎಂದು ಎರಡು ಸಲ ಹೇಳಿದ್ದರು.

ಮರುದಿನ ಟ್ರೈಲರ್ ಎಳೆದುಕೊಂಡು ಹತ್ತುವಾಗ, ಎರಡನೇ ತಿರುವು ದಾಟಿದ ಮೇಲೆ ಎಂಜಿನ್ ಕಿರುಚತೊಡಗಿತು. ಚಕ್ರ ತಿರುಗಲಿಲ್ಲ. ಅಡಿಯಿಂದ ಹೊಗೆ ಬಂತು, ಅದರ ಜೊತೆ ಐತಪ್ಪ ಹೇಳಿದ ಆ ವಾಸನೆ. ಮೊದಲ ಸಲ ನಾನು ಅದನ್ನು ಮೂಸಿದ್ದು ಆಗ. ಅವನು ಬ್ರೇಕಿನ ಮೇಲೆ ನಿಂತ ಹಾಗೆ ಕೂತು, "ಇಳೀರಿ, ಕಲ್ಲು ಕೊಡಿ!" ಎಂದು ಕೂಗಿದ. ನಾನು ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡೇ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ.

ಹನ್ನೆರಡು ಜನ ನೂಕಿದರು. ಕೆಳಗಿನಿಂದ ಒಂದು ಜೀಪು ತರಿಸಿದೆವು. ಅದು ನಮ್ಮ ಗಾಡಿಯನ್ನು ದಾಟಿ ಮುಂದೆ ಹೋಗಲು ರಸ್ತೆಯಲ್ಲಿ ಜಾಗ ಇರಲಿಲ್ಲ. ಹೆಣ ಹಿಂದಿನ ದಿನದ್ದು, ಸೆಕೆಯ ದಿನ, ಗಂಟೆ ನಾಲ್ಕು ಕಳೆದಿತ್ತು. ಕತ್ತಲಾಗುವ ಮೊದಲು ಮುಗಿಯಬೇಕು ಎಂದು ಹಿರಿಯರು ಹೇಳಿದರು. ಕೊನೆಗೆ ಟ್ರೈಲರನ್ನು ಬಿಚ್ಚಿ, ಹಗ್ಗ ಹಿಡಿದು, ಹಿಮ್ಮುಖವಾಗಿ ಕೆಳಗಿಳಿಸಿದೆವು. ಸಪಾಟಾದ ನೆಲ ಇದ್ದದ್ದು ಒಂದೇ ಕಡೆ, ಬಸ್‌ಸ್ಟಾಪಿನ ಮುಂದೆ.

ಗಿರಿಜಕ್ಕನನ್ನು ಅಂಗಳದಿಂದ ಹೆಗಲ ಮೇಲೆ ಇಳಿಸಿ ತಂದರು. ನಾಲ್ಕು ಮಂದಿ ಟಾರ್ಪಾಲು ಮರೆ ಹಿಡಿದರು. ಐದು ಗಂಟೆಯ ಬಸ್ಸು ಬಂದು ನಿಂತಿತು. ಡ್ರೈವರ್ ಎಂಜಿನ್ ಆಫ್ ಮಾಡಿದ. ಜನ ಇಳಿದು ಚಪ್ಪಲಿ ಬಿಚ್ಚಿ ರಸ್ತೆಯ ಬದಿಯಲ್ಲಿ ನಿಂತರು. ಬಸ್‌ಸ್ಟಾಪಿನ ಗೋಡೆಯ ಮೇಲೆ ಸೀರೆ ಅಂಗಡಿಯ ಜಾಹೀರಾತು ಇತ್ತು, ನಗುವ ಹೆಂಗಸಿನ ಚಿತ್ರ. ಟಾರ್ಪಾಲಿನ ಮೇಲಿಂದ ಅದು ಕಾಣುತ್ತಿತ್ತು.

ಎಲ್ಲ ಮುಗಿದ ಮೇಲೆ ಶಾರದ ನಮ್ಮ ಮುಂದೆ ಬಂದು ನಿಂತಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಅಮ್ಮ ಹತ್ತೊಂಬತ್ತು ವರ್ಷ ನಡೆದಳು. ನಿಮಗೆ ಮೂರು ತಿರುವು ಹತ್ಲಿಕ್ಕೆ ಆಗ್ಲಿಲ್ಲ."

ಯಾರೋ, "ಡ್ರೈವರಿಗೆ ಓಡಿಸ್ಲಿಕ್ಕೆ ಗೊತ್ತಿಲ್ಲ, ಗೇರ್‌ಬಾಕ್ಸ್ ಸುಟ್ಟ," ಎಂದರು. ಬಾಬಣ್ಣ ಐತಪ್ಪನ ಅಂಗಿ ಹಿಡಿದು ಏನೇನೋ ಬೈದರು, ಎಲ್ಲವನ್ನೂ ತುಳುವಿನಲ್ಲಿ. ಐತಪ್ಪ, "ಹಳೇ ಗಾಡಿ, ತಪ್ಪಾಯ್ತು," ಎಂದಷ್ಟೇ ಹೇಳಿದ. ನಾನು ಎರಡು ಹೆಜ್ಜೆ ಆಚೆ ನಿಂತಿದ್ದೆ. ಕೂಲರ್ ನನ್ನ ಕಪಾಟಿನ ಕೆಳಗಿನ ಅರೆಯಲ್ಲಿದೆ ಎಂದು ಹೇಳಲು ಒಂದು ವಾಕ್ಯ ಸಾಕಿತ್ತು. ನನ್ನ ಬಾಯಿ ತೆರೆಯಲಿಲ್ಲ. ಮರುವಾರ ಸಮಿತಿಯ ಸಭೆಯಲ್ಲೂ ತೆರೆಯಲಿಲ್ಲ. ಐತಪ್ಪನನ್ನು ಕೆಲಸದಿಂದ ಬಿಡಿಸಿದರು. ಅವನು ಹೊಸಂಗಡಿಯಲ್ಲಿ ರಿಕ್ಷಾ ಓಡಿಸತೊಡಗಿದ. ಅಲ್ಲಿಯೂ ಕೆಲವರು ಅವನನ್ನು ಕರೆಯುತ್ತಿದ್ದದ್ದು "ಬಸ್‌ಸ್ಟಾಪು ಐತಪ್ಪ" ಎಂದು.

ಗಾಡಿ ನಾಲ್ಕು ವರ್ಷ ನನ್ನ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ನಿಂತಿತು. ಟ್ರೈಲರನ್ನು ಬಾಡಿಗೆ ಜೀಪುಗಳು ಎಳೆದವು. ಈ ಬೇಸಿಗೆಯಲ್ಲಿ ಗುಜರಿಯಿಂದ ಅದೇ ಮಾದರಿಯ ಗೇರ್‌ಬಾಕ್ಸ್ ಸಿಕ್ಕಿತು. ಅದನ್ನು ಕೂರಿಸಿದ ದಿನ ನಾನೇ ಹೊಸಂಗಡಿಗೆ ಹೋಗಿ ಐತಪ್ಪನನ್ನು ಕರೆದೆ. ಅವನು ಪ್ಯಾಸೆಂಜರನ್ನು ಇಳಿಸಿ, ಚಿಲ್ಲರೆ ಕೊಟ್ಟು, ನಿಧಾನಕ್ಕೆ ನನ್ನ ಕಡೆ ನೋಡಿದ.

"ಮೊದಲ ಭಾನುವಾರ ಕಳೆಯಿತಲ್ಲ, ಸುಬೇದಾರ್ರೆ?"

"ಕಳೆಯಲಿ. ಈ ಭಾನುವಾರ ಬಾ," ಎಂದೆ.

ಕೆಲಸ ಸುಲಭವಾಗಿಯೇ ನಡೆಯಿತು. ಮುಂದಿನ ಜಾಲರಿ ಬಿಚ್ಚಿದೆವು. ರೇಡಿಯೇಟರಿನಿಂದ ಗೇರ್‌ಬಾಕ್ಸಿಗೆ ಎಣ್ಣೆ ಮರಳುವ ಪೈಪನ್ನು ಹುಡುಕಿ ಬಿಡಿಸಿ, ನಡುವೆ ಕೂಲರನ್ನು ಸೇರಿಸಿದೆವು. ಸೈಲೆನ್ಸರಿನ ಬಿಸಿ ತಾಗದ ಹಾಗೆ ರಬ್ಬರ್ ಪೈಪುಗಳನ್ನು ಸುತ್ತು ದಾರಿಯಲ್ಲಿ ತಂದು ಕ್ಲಿಪ್ಪು ಬಿಗಿದೆವು. ಐತಪ್ಪ ನಾನು ಬಿಗಿದ ಕ್ಲಿಪ್ಪುಗಳನ್ನು ಮತ್ತೊಮ್ಮೆ ಬಿಗಿದು ನೋಡಿದ. ಮೊದಲಾಗಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಎಂಜಿನ್ ಓಡಿಸಿ, ಕೂಲರ್ ತುಂಬುವಷ್ಟು ಎಣ್ಣೆ ಸೇರಿಸಿ, ರಟ್ಟನ್ನು ಕೆಳಗೆ ಹಾಸಿ ಕಾದೆವು. ಒಂದು ಹನಿಯೂ ಬೀಳಲಿಲ್ಲ.

"ಇನ್ನು ಟ್ರೈಲರ್ ಕಟ್ಟಿ ಹತ್ತಿಸಿ ನೋಡಬೇಕು," ಎಂದೆ.

"ಯಾವ ಗುಡ್ಡ?"

"ಅದೇ."

ಐತಪ್ಪ ಕೈ ಒರೆಸುವ ಬಟ್ಟೆಯನ್ನು ಮಡಚಿ ಬೆಂಚಿನ ಮೇಲಿಟ್ಟ. "ನಿಮಗೆ ತಲೆ ಸರಿ ಉಂಟಾ? ಯಾರೂ ಸಾಯದ ಮನೆಗೆ ಇದನ್ನು ಕೊಂಡು ಹೋಗುದಾ? ಕಲ್ಲು ಬಿಸಾಡ್ತಾರೆ."

"ಬಿಸಾಡಲಿ."

ಅವನೇ ಓಡಿಸಿದ. ಬಸ್‌ಸ್ಟಾಪಿನ ಗೋಡೆಯಲ್ಲಿ ಈಗ ಬೇರೆ ಜಾಹೀರಾತು. ಒಂದನೇ ತಿರುವು, ಎರಡನೇ ತಿರುವು. ಅಲ್ಲಿ ಇಬ್ಬರೂ ಉಸಿರು ಹಿಡಿದೆವು. ಗಾಡಿ ಹಿಡಿತ ಬಿಡದೆ ಹತ್ತುತ್ತಲೇ ಹೋಗಿ ಬಾಬಣ್ಣನ ಅಂಗಳದಲ್ಲಿ ನಿಂತಿತು. ಎಂಜಿನ್ ಓಡುತ್ತಿರುವಾಗಲೇ ಇಳಿದು ಕಡ್ಡಿ ಎಳೆದೆ. ಎಣ್ಣೆ ಹೊಸದರ ಹಾಗೆ ಕೆಂಪಾಗಿಯೇ ಇತ್ತು. ಮೂಗಿನ ಹತ್ತಿರ ಹಿಡಿದೆ. ಸೀದ ವಾಸನೆ ಇರಲಿಲ್ಲ.

ಬಾಬಣ್ಣ ಜಗಲಿಯಲ್ಲಿ ಕೂತಿದ್ದರು. ತುಂಬ ಇಳಿದು ಹೋಗಿದ್ದರು.

"ಇವತ್ತು ಯಾರಿಗೆ?" ಎಂದು ಕೇಳಿದರು.

"ಯಾರಿಗೂ ಅಲ್ಲ ಬಾಬಣ್ಣ. ಹತ್ತುತ್ತದಾ ಅಂತ ನೋಡಲು ತಂದದ್ದು."

"ಹತ್ತಿತಲ್ಲ. ಇನ್ನು ಇಳಿಸಿ."

ಶಾರದ ಬಾಗಿಲಿಗೆ ಬಂದು ನಿಂತಿದ್ದಳು. ನಾಲ್ಕು ವರ್ಷ ಮನಸ್ಸಿನಲ್ಲಿ ಜೋಡಿಸಿಟ್ಟ ವಾಕ್ಯಗಳು ನನಗೆ ಒಂದೂ ನೆನಪಾಗಲಿಲ್ಲ. ಗಾಡಿಯ ಮುಂದಿನ ಜಾಲರಿಯ ಹಿಂದಿದ್ದ ಕೂಲರನ್ನು ತೋರಿಸಿ ಹೇಳಿದೆ: "ಇದು ಇದ್ದಿದ್ದರೆ ಅವತ್ತೂ ಹತ್ತುತ್ತಿತ್ತು. ಇದು ಅವತ್ತು ನನ್ನ ಕಪಾಟಿನಲ್ಲಿತ್ತು. ಐದು ದಿನದಿಂದ ಇತ್ತು. ಇವನು ತಂದು ಕೊಟ್ಟು, ಹಾಕುವ ಅಂತ ಹೇಳಿದ್ದ. ನನ್ನ ದಿನ ಬರಲಿಲ್ಲ ಅಂತ ನಾನು ಹಾಕಲಿಲ್ಲ. ಇವನ ತಪ್ಪಲ್ಲ."

ಬಾಬಣ್ಣ ನನ್ನನ್ನು ಬಿಟ್ಟು ಐತಪ್ಪನ ಕಡೆ ತಿರುಗಿದರು.

"ಇಷ್ಟು ವರ್ಷ ನಿನಗೆ ಬೈದೆನಲ್ಲ. ನೀನು ಯಾಕೆ ಹೇಳ್ಲಿಲ್ಲ?"

"ನೀವು ಗಾಡಿ ಯಾಕೆ ನಿಂತಿತು ಅಂತ ಕೇಳಿದ್ರಿ," ಎಂದ ಐತಪ್ಪ. "ಇವರ ಕಪಾಟಿನಲ್ಲಿ ಎಂತ ಉಂಟು ಅಂತ ಕೇಳ್ಲಿಲ್ಲ." ಆಮೇಲೆ, "ಇವರೇ ಹೇಳ್ಬಹುದು ಅಂತ ಕಾದೆ. ತಿಂಗಳಾಯ್ತು, ವರ್ಷ ಆಯ್ತು. ಮತ್ತೆ ನನಗೂ ನಾಚಿಕೆ ಆಯ್ತು," ಎಂದ.

ಶಾರದ ಒಳಗೆ ಹೋದಳು. ಬೈಯಲಿಲ್ಲ, ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. ಬಾಬಣ್ಣ ಬಹಳ ಹೊತ್ತು ಟ್ರೈಲರನ್ನೇ ನೋಡಿದರು. ಆಮೇಲೆ ಗೋಡೆ ಹಿಡಿದು ಎದ್ದು, ಅಂಗಳಕ್ಕಿಳಿದು, ಅದರ ಸುತ್ತ ಒಂದು ಬಾರಿ ನಡೆದರು. ಚಕ್ರದಿಂದ ಅಂಗಳದ ಪಾಗಾರದ ಗೋಡೆಯವರೆಗೆ ಹೆಜ್ಜೆಯಲ್ಲಿ ಅಳೆದರು.

"ಇನ್ನೂ ಎರಡು ಹೆಜ್ಜೆ ಹಿಂದೆ ಬರಬೇಕು. ಅಲ್ಲಿ. ಶಾರದನ ಅಮ್ಮ ಹೇಳಿದ ಜಾಗ ಅದು."

ಟ್ರೈಲರನ್ನು ಬಿಚ್ಚಿ ಇಬ್ಬರೂ ಹಿಂದಕ್ಕೆ ನೂಕಿದೆವು. ಪಾಗಾರದ ಬದಿಯಲ್ಲಿ ಅವರೇ ಹಿಂದೆ ಕಡಿದ ಕೆಂಪುಕಲ್ಲುಗಳು ಪಾಚಿ ಕಟ್ಟಿಕೊಂಡು ಬಿದ್ದಿದ್ದವು. ಎರಡನ್ನು ತೋರಿಸಿದರು. "ಚಕ್ರ ನಿಲ್ಲುವಲ್ಲಿ ಹುಗಿದಿಡಿ. ನನ್ನ ಸರದಿಗೆ ಬಂದವರು ಜಾಗ ಹುಡುಕ್ತಾ ಕೂರುದು ಬೇಡ."

ಶಾರದ ಒಳಗಿನಿಂದಲೇ ಕೂಗಿದಳು: "ಅಪ್ಪ, ಈ ಹೊತ್ತಿಗೆ ಇದೆಂತ ಕೆಲಸ?"

"ಮೊದಲೇ ಮಾಡಿಡುವ ಕೆಲಸ," ಎಂದರು ಬಾಬಣ್ಣ. ನನ್ನ ಮುಖ ನೋಡಲಿಲ್ಲ.

ಹಾರೆಯನ್ನು ಐತಪ್ಪ ಹಿಡಿದ. ನಾನು ಕೈಯಿಂದ ಮಣ್ಣು ತೆಗೆದೆ. ಗಿರಿಜಕ್ಕನ ಮಣ್ಣು ಗಟ್ಟಿ, ಉಗುರಿಗೆ ಸಿಗುವುದಿಲ್ಲ. ಕಲ್ಲುಗಳನ್ನು ಇಳಿಸಿ, ಸುತ್ತ ಜಲ್ಲಿ ತುಂಬಿಸಿ, ಮೇಲೆ ನಿಂತು ತುಳಿದು ನೋಡಿದೆ. ಅಲುಗಲಿಲ್ಲ.

ಶೆಡ್ಡಿಗೆ ಮರಳಿ ರಿಜಿಸ್ಟರಿನಲ್ಲಿ ಸ್ಕೇಲು ಇಟ್ಟು ಹೊಸ ಕಾಲಂ ಗೆರೆ ಎಳೆದೆ. ಮೇಲೆ "ವಾಸನೆ" ಎಂದು ಬರೆದೆ. ನಾಲ್ಕು ವರ್ಷ ಹಿಂದಿನ ಹಾಳೆಗೆ ಹೋಗಿ, ಹದಿಮೂರನೇ ತಾರೀಕಿನ ಸಾಲಿನಲ್ಲಿ "ಗಾಡಿ ಹಳೆಯದು, ನಿಂತಿತು" ಎಂದಿದ್ದುದನ್ನು ಹೊಡೆದು, ಪಕ್ಕದಲ್ಲಿ "ಕೂಲರ್ ಕಪಾಟಿನಲ್ಲಿತ್ತು" ಎಂದು ಬರೆದು ಸಹಿ ಹಾಕಿದೆ. ಸಮಿತಿಯ ಸಭೆ ಬರುವ ಶುಕ್ರವಾರ. ಶುಕ್ರವಾರದವರೆಗೆ ಕಾಯದೆ, ರಿಜಿಸ್ಟರನ್ನು ಐತಪ್ಪನ ರಿಕ್ಷಾದಲ್ಲಿಟ್ಟುಕೊಂಡು ಅಧ್ಯಕ್ಷರ ಮನೆಗೆ ಹೋಗಿ, ಆ ಹಾಳೆಯನ್ನು ತೆರೆದು ಅವರ ಕೈಗೆ ಕೊಟ್ಟೆ. ಸಂಜೆ ಆರು ಗಂಟೆ ಐವತ್ತು ನಿಮಿಷ.