ಒಂದು ಊದಿದರೆ ನಿಲ್ಲಬೇಕು

ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರೂ ಅವರ ಬಲಗಾಲು ಬ್ರೇಕ್ ಒತ್ತುತ್ತಿತ್ತು. ಗಿರಿನಗರದ ನಮ್ಮ ಅಡ್ಡರಸ್ತೆಯಲ್ಲಿ ಮಗುವೊಂದು ಚೆಂಡಿನ ಹಿಂದೆ ಓಡಿದರೆ, ನಾಯಿಯೊಂದು ಸ್ಕೂಟರಿಗೆ ಅಡ್ಡ ಬಂದರೆ, ಗೇಟಿನೊಳಗೆ ಪೇಪರ್ ಓದುತ್ತಿದ್ದ ಅವರ ಪಾದ ಚಪ್ಪಲಿಯ ಸಮೇತ ನೆಲಕ್ಕೆ ಅಮುಕಿಕೊಳ್ಳುತ್ತಿತ್ತು. ಕುರ್ಚಿಯ ಮುಂದಿನ ಕೆಂಪು ನೆಲದಲ್ಲಿ ಒಂದು ಕಡೆ ಬಣ್ಣವೇ ಸವೆದುಹೋಗಿತ್ತು. ಎಡಗೈಯ ಅಂಗೈಯಲ್ಲಿ ಬಸ್ಸಿನ ಗೇರಿನ ಗುಂಡು ಕೂತು ಕೂತು ದಪ್ಪಗಾದ ಚರ್ಮವಿತ್ತು. ಮೂವತ್ತು ವರ್ಷಕ್ಕೂ ಮೇಲೆ ಸಿಟಿ ಬಸ್ಸು ಓಡಿಸಿದ್ದ ಈ ಪಕ್ಕದ ಮನೆಯವರನ್ನು ಬೀದಿಯವರೆಲ್ಲ ಡ್ರೈವರಣ್ಣ ಎಂದೇ ಕರೆಯುತ್ತಿದ್ದೆವು. ಅವರ ಹೆಂಡತಿ ನಮಗೆಲ್ಲ ಅಕ್ಕ.

ನಾನು ಹುಟ್ಟಿದಾಗಿನಿಂದ ಪುಕ್ಕಲು. ಲಿಫ್ಟಿಗೆ ಹೆದರುತ್ತೇನೆ, ಗೊತ್ತಿಲ್ಲದ ನಂಬರಿನಿಂದ ಬಂದ ಫೋನಿಗೆ ಹೆದರುತ್ತೇನೆ, ಕುಕ್ಕರ್ ಕೂಗುವ ಹೊತ್ತಿಗೆ ಅಡುಗೆಮನೆಯಿಂದ ಹೊರಗೆ ಬಂದು ನಿಲ್ಲುತ್ತೇನೆ. ಸರ್ಕಾರಿ ಕಚೇರಿಯೊಂದರಲ್ಲಿ ಬೆರಳಚ್ಚು ಮಾಡುತ್ತ ಇಡೀ ಆಯುಷ್ಯ ಕಳೆದವಳು. ಮದುವೆಯಾಗಲಿಲ್ಲ, ಅದಕ್ಕೂ ಹೆದರಿಕೆಯೇ ಕಾರಣವಿರಬೇಕು. ನಿವೃತ್ತಿಯಾದ ಮೇಲಿನ ಮೊದಲ ಸೋಮವಾರ ಎಂದಿನಂತೆ ಎದ್ದು, ಸ್ನಾನ ಮಾಡಿ, ಆಫೀಸಿನ ಸೀರೆಯುಟ್ಟು, ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡ ಮೇಲೆ ನೆನಪಾಯಿತು, ಹೋಗುವುದಕ್ಕೆ ಜಾಗವಿಲ್ಲ ಎಂದು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲೇ ಕೂತೆ. ಇನ್ನು ಉಳಿದ ದಿನವೆಲ್ಲ ಇದೇ ಬಾಗಿಲು, ಇದೇ ಗೋಡೆ ಗಡಿಯಾರ ಎನ್ನಿಸಿತು.

ಹನ್ನೊಂದರ ಹೊತ್ತಿಗೆ ಡ್ರೈವರಣ್ಣ ಗೇಟಿನಿಂದ ಇಣುಕಿದರು. ಸೀರೆ ನೋಡಿದರು, ಡಬ್ಬಿ ನೋಡಿದರು. ನಗಲಿಲ್ಲ.

"ಡ್ಯೂಟಿ ಮುಗಿದ ಮಾರನೇ ದಿನ ನಾನೂ ಖಾಕಿ ಹಾಕ್ಕೊಂಡು ಕೂತಿದ್ದೆ ಮೇಡಂ. ನಾಳೆ ಬೆಳಿಗ್ಗೆ ಆರಕ್ಕೆ ಗೇಟ್ ಹತ್ರ ಬನ್ನಿ. ಹೊಸ ರೂಟ್ ತೋರಿಸ್ತೀನಿ" ಎಂದರು.

ಖಾಕಿ ಹಾಕಿಕೊಂಡು ಕೂತಿದ್ದು ಅದೊಂದೇ ದಿನವಂತೆ. ಉಳಿದದ್ದಕ್ಕೆಲ್ಲ ಅವರು ಐದು ವರ್ಷ ಮೊದಲೇ ತಯಾರಾಗಿದ್ದರು. ಐವತ್ತೈದಕ್ಕೇ ಮಹಡಿ ಮನೆಯನ್ನು ಬಾಡಿಗೆಗೆ ಕೊಟ್ಟು ಕೆಳಗಿಳಿದರು. ಬಚ್ಚಲುಮನೆಯ ಗೋಡೆಗೆ ಬಸ್ಸಿನಲ್ಲಿರುವಂಥದ್ದೇ ಕಂಬಿ ಹಾಕಿಸಿದರು. ಆಗ ಬೀದಿಯವರೆಲ್ಲ ನಕ್ಕೆವು. ಮೂಲೆಮನೆಯ ತಾತ ಅಂತೂ, ಟಿಕೆಟ್ ಯಾರು ಕೊಡ್ತಾರಪ್ಪ ಬಚ್ಚಲಲ್ಲಿ ಎಂದು ಕೇಳಿದ್ದರು. "ಗುಂಡಿ ಹತ್ರ ಬಂದ್ಮೇಲೆ ಬ್ರೇಕ್ ಹಾಕಿದ್ರೆ ಹಿಂದೆ ನಿಂತಿರೋರ ಮೂತಿ ಕಂಬಿಗೆ ಬಡಿಯುತ್ತೆ" ಎನ್ನುವುದು ಡ್ರೈವರಣ್ಣನ ಉತ್ತರ.

ಅವರ ಮನೆಯ ಬಾಗಿಲ ಹಿಂದೆ ಕೈಯಲ್ಲಿ ಬರೆದ ಡ್ಯೂಟಿ ಚಾರ್ಟ್ ಅಂಟಿಸಿತ್ತು. ದಿನಾ ಬೆಳಿಗ್ಗೆ ನಡಿಗೆ. ಮಂಗಳವಾರ, ಶುಕ್ರವಾರ ಅದೇ ಮೂಲೆಮನೆ ತಾತನನ್ನು ತಮ್ಮ ಹಳೆಯ ಬಿಳಿ ವ್ಯಾನಿನಲ್ಲಿ ಡಯಾಲಿಸಿಸ್‌ಗೆ ಕರೆದೊಯ್ಯುವುದು. ಬುಧವಾರ ಬೀದಿಯಲ್ಲಿ ಯಾರಿಗೆ ಕಣ್ಣಿನ ಡಾಕ್ಟರೋ ಹಲ್ಲಿನ ಡಾಕ್ಟರೋ ಬೇಕೋ ಅವರ ಸರದಿ. ಭಾನುವಾರದ ಮುಂದೆ 'ಮನೆಯವಳ ಟ್ರೈನಿಂಗ್' ಎಂದು ಬರೆದಿತ್ತು. ತರಕಾರಿ ಅಂಗಡಿ ದಾಟಿ ಒಬ್ಬರೇ ಎಲ್ಲಿಗೂ ಹೋಗದ ಅಕ್ಕನನ್ನು ಜಯನಗರದ ಬಸ್ಸು ಹತ್ತಿಸಿ, ತಾವು ಹಿಂದಿನ ಬಸ್ಸಿನಲ್ಲಿ ಹೋಗುತ್ತಿದ್ದರು. ಮೊದಲ ಸಲ ಅಕ್ಕ ಅಳುತ್ತ ಮನೆಗೆ ಬಂದಿದ್ದರು.

"ಪಾಪ, ಯಾಕಣ್ಣ ಅವ್ರಿಗೆ ಈ ಹಿಂಸೆ?" ಎಂದು ಕೇಳಿದ್ದೆ.

"ಈಗ ಅತ್ರೆ ಹಿಂದಿನ ಬಸ್ಸಲ್ಲಿ ನಾನಿರ್ತೀನಿ ಮೇಡಂ" ಎಂದಿದ್ದರು.

ನನ್ನ ಹೊಸ ರೂಟ್ ಎಂದರೆ ಗಿರಿನಗರದಿಂದ ಹನುಮಂತನಗರದ ಗುಡ್ಡದವರೆಗೆ ನಡೆದುಕೊಂಡು ಹೋಗಿ ಬರುವುದು. ಹಾಲಿನ ಬೂತು, ಹೂವಿನವಳ ಮರ, ಮುಚ್ಚಿಹೋದ ಟೈಲರ್ ಅಂಗಡಿ, ಎಲ್ಲವೂ ಅವರಿಗೆ ಸ್ಟಾಪುಗಳೇ. ಮೊದಲ ದಿನವೇ ನನ್ನ ಕೈಗೆ ಒಂದು ವಿಶಲ್ ಕೊಟ್ಟರು. ಅವರ ಜೊತೆ ಬಹಳ ವರ್ಷ ದುಡಿದ ಕಂಡಕ್ಟರ್ ನಿವೃತ್ತಿಯ ದಿನ ಕಾಣಿಕೆಯಾಗಿ ಕೊಟ್ಟದ್ದಂತೆ. ರಸ್ತೆ ದಾಟುವ ಜಾಗದಲ್ಲೆಲ್ಲ ಎರಡೂ ಕಡೆ ನೋಡಿ ನಾನು ಅದನ್ನು ಊದಬೇಕು. ಬಸ್ಸಿನ ಲೆಕ್ಕವೇ ಇಲ್ಲೂ. ಎರಡು ಊದಿದರೆ ಹೊರಡು, ಒಂದು ಊದಿದರೆ ನಿಲ್ಲು. ಊದುವವರೆಗೂ ಅವರು ಹೆಜ್ಜೆ ಎತ್ತುತ್ತಿರಲಿಲ್ಲ. ಅರವತ್ತು ದಾಟಿದ ಹೆಂಗಸು ಬೆಳಿಗ್ಗೆ ಬೆಳಿಗ್ಗೆ ನಡುಬೀದಿಯಲ್ಲಿ ಪೀ ಪೀ ಅನ್ನಿಸಿದರೆ ಜನ ಏನೆಂದುಕೊಂಡಾರು ಎಂದು ನಾಚಿಕೆಯಿಂದ ಸತ್ತೆ. ಒಂದು ತಿಂಗಳಲ್ಲಿ ಆ ನಾಚಿಕೆ ಹೋಯಿತು. ಬೆಳಗಾಗುವ ಹೆದರಿಕೆಯೂ ಹೋಯಿತು.

ವಿಶಲ್ ಯಾಕೆ ಎನ್ನುವುದು ತಿಳಿದದ್ದು ಆಮೇಲೆ. ಒಂದು ದಿನ ಗುಡ್ಡದ ದೇವಸ್ಥಾನದ ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳುತ್ತಿದ್ದಾಗ ಅವರೇ ಹೇಳಿದರು.

"ನಮ್ಮಣ್ಣನಿಗೆ ಮರೆವಿನ ಕಾಯಿಲೆ ಬಂತು ಮೇಡಂ. ನಮಗೆಲ್ಲ ಗೊತ್ತಾಯ್ತು, ಅವನೊಬ್ಬನಿಗೆ ಗೊತ್ತಾಗ್ಲಿಲ್ಲ. ಯಾರೂ ಬಾಯಿಬಿಟ್ಟು ಹೇಳ್ಲೂ ಇಲ್ಲ. ನನಗೆ ಸಾವಿನ ಭಯ ಇಲ್ಲ, ಇದರ ಭಯ ಇದೆ. ಡ್ರೈವರಿಗೆ ಮುಂದೆ ಇರೋದು ಕಾಣುತ್ತೆ. ಹಿಂದಿನ ಬಾಗಿಲಲ್ಲಿ ಯಾರು ನೇತಾಡ್ತಿದ್ದಾರೆ ಅಂತ ಕಂಡಕ್ಟರೇ ಹೇಳ್ಬೇಕು. ನನ್ನ ತಲೆ ತಪ್ತಾ ಇದೆ ಅಂತ ನಿಮಗೆ ಯಾವತ್ತು ಅನ್ನಿಸುತ್ತೋ ಅವತ್ತು ಒಂದೇ ಒಂದು ಊದಿ. ವ್ಯಾನಿನ ಕೀ ತೆಗೆದು ನಿಮ್ಮ ಕೈಗೆ ಕೊಡ್ತೀನಿ. ಯಾಕೆ ಅಂತ ಕೇಳಲ್ಲ."

"ಅಕ್ಕನಿಗೆ ಹೇಳಿ ಅಣ್ಣ. ನನಗೆ ಯಾಕೆ?"

"ಅವಳಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ. ಊದಲ್ಲ."

ನಾನು ಊದುತ್ತೇನೆ ಎಂದು ಮಾತು ಕೊಟ್ಟೆ.

ನಾಲ್ಕು ವರ್ಷ ಎಲ್ಲ ಸರಿಯಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಟೈಲರ್ ಅಂಗಡಿಯ ಮುಂದೆ ನಿಂತು, ಇದು ಯಾವ ಸ್ಟಾಪು ಎಂದು ಕೇಳಿದರು. ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ. ಮರುವಾರ ಗುಡ್ಡದಿಂದ ಇಳಿದು ಮನೆಯ ದಿಕ್ಕು ಬಿಟ್ಟು ಬೇರೆ ಕಡೆಗೆ ಹೊರಟರು. ಆಮೇಲೆ ಒಂದೇ ನಡಿಗೆಯಲ್ಲಿ ಮೂರು ಸಲ, ತಿಂಡಿ ಏನು ಮೇಡಂ ಎಂದು ಕೇಳಿದರು. ವಿಶಲ್ ಕೈಯಲ್ಲೇ ಇತ್ತು. ಪ್ರತಿ ಅಡ್ಡರಸ್ತೆಯಲ್ಲೂ ಇವತ್ತು ಊದಿಬಿಡಬೇಕು ಎಂದುಕೊಂಡು ತುಟಿಗಿಟ್ಟುಕೊಳ್ಳುತ್ತಿದ್ದೆ. ಎರಡು ಊದುತ್ತಿದ್ದೆ. ಅವರು ತಲೆಯಾಡಿಸಿ ಹೆಜ್ಜೆ ಹಾಕುತ್ತಿದ್ದರು.

ಯಾಕೆ ಊದಲಿಲ್ಲ ಎಂದು ಈಗಲೂ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ಕೀ ಕಿತ್ತುಕೊಂಡರೆ ಆ ಮನುಷ್ಯ ಏನಾಗುತ್ತಾರೋ ಎಂಬ ಭಯ ಒಂದು. ಅವರು ನಡೆಯುವುದು ನಿಲ್ಲಿಸಿದರೆ ನನ್ನ ಬೆಳಗುಗಳು ಮತ್ತೆ ಗಡಿಯಾರದ ಪಾಲಾಗುತ್ತವೆ ಎಂಬುದು ಇನ್ನೊಂದು. ಅಷ್ಟು ಮುಂದಾಲೋಚನೆಯ ಮನುಷ್ಯನಿಗೇ ಹೀಗಾದರೆ ನನ್ನ ಗತಿ ಏನು ಎಂಬುದು ಎಲ್ಲಕ್ಕಿಂತ ದೊಡ್ಡದು. ಹೀಗೆ ಮೂರು ತಿಂಗಳು ಕಳೆದೆ.

ತಲಘಟ್ಟಪುರದಲ್ಲಿ ಅಕ್ಕನ ತಂಗಿಯ ಮಗಳ ಗೃಹಪ್ರವೇಶವಿತ್ತು. ವ್ಯಾನಿನಲ್ಲಿ ಮೂವರೇ ಹೊರಟೆವು. ಡ್ರೈವರಣ್ಣನ ಪಕ್ಕದಲ್ಲಿ ಅಕ್ಕ, ಹಿಂದಿನ ಸೀಟಿನಲ್ಲಿ ನಾನು. ಕನಕಪುರ ರಸ್ತೆಗೆ ಬಂದ ಮೇಲೆ ಒಂದು ಬಸ್ ಸ್ಟಾಪಿನಲ್ಲಿ ನೀಟಾಗಿ ಎಡಕ್ಕೆ ತಂದು ನಿಲ್ಲಿಸಿದರು. ಕಾಯುತ್ತಿದ್ದವರು ಬೆರಗಾಗಿ ನೋಡಿದರು. "ಅಭ್ಯಾಸ ಬಲ ನೋಡಿ ಇವರದು" ಎಂದು ಅಕ್ಕ ನಕ್ಕರು. ನಾನೂ ನಕ್ಕೆ, ನಕ್ಕಂತೆ ಮಾಡಿದೆ. ಮುಂದಿನ ಸ್ಟಾಪಿನಲ್ಲೂ ನಿಲ್ಲಿಸಿದರು. ಆಗ ಅಕ್ಕ ನಗಲಿಲ್ಲ.

ಮೂರನೆಯ ಸಲ ನಿಲ್ಲಿಸಿದ್ದು ನಡುರಸ್ತೆಯಲ್ಲಿ. ಮೆಟ್ರೋ ಕಂಬಗಳು ಬಂದು ರಸ್ತೆ ಅಗಲವಾಗುವ ಮೊದಲು ಅಲ್ಲೊಂದು ಸ್ಟಾಪು ಇತ್ತಂತೆ. ಈಗ ಅದು ಲಾರಿಗಳು ಓಡುವ ಜಾಗ. ಹಿಂದಿನಿಂದ ಹಾರ್ನುಗಳು ಶುರುವಾದವು. ಜಲ್ಲಿ ತುಂಬಿದ ಲಾರಿಯೊಂದು ಕಿರ್ರೆಂದು ಬ್ರೇಕ್ ಹಾಕಿ ಹಿಂದಿನ ಗಾಜಿನ ತುಂಬ ಬಂದು ನಿಂತಿತು. ಅಕ್ಕ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡು, "ರೀ, ಹೋಗ್ರೀ. ಹೋಗ್ರೀ" ಎನ್ನುತ್ತಿದ್ದರು. ಡ್ರೈವರಣ್ಣ ಅವರ ಕಡೆ ತಿರುಗಲೂ ಇಲ್ಲ. ಶಾಂತವಾಗಿ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಆ ಕಣ್ಣುಗಳು ನೋಡುತ್ತಿದ್ದದ್ದು ನನ್ನನ್ನಲ್ಲ.

"ಏನ್ ಗುರು, ಇನ್ನೂ ಹತ್ತೋರಿದ್ದಾರಾ? ರೈಟ್ ಕೊಡು" ಎಂದರು.

ಅಂಥ ಭಯವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಬ್ಯಾಗಿನಲ್ಲಿ ಕೈ ಹಾಕಿದರೆ ಕನ್ನಡಕ ಸಿಗುತ್ತದೆ, ಕರ್ಚೀಫು ಸಿಗುತ್ತದೆ, ವಿಶಲ್ ಸಿಗುವುದಿಲ್ಲ. ಕೊನೆಗೆ ಸಿಕ್ಕಿತು. ಬಾಯಿ ಒಣಗಿ ಮೊದಲ ಸಲ ಬರೀ ಗಾಳಿ ಬಂತು. ಮತ್ತೆ ಊದಿದೆ, ಎರಡು ಸಲ. ತಕ್ಷಣ ಗೇರು ಹಾಕಿ, ಇಂಡಿಕೇಟರ್ ಕೊಟ್ಟು, ಯಾವ ತಪ್ಪೂ ಇಲ್ಲದಂತೆ ಹೊರಟರು. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು. ಸ್ವಲ್ಪ ಮುಂದೆ ಎಡಗಡೆ ಹೊಂಗೆಮರದ ಕೆಳಗೆ ಖಾಲಿ ಜಾಗ ಕಾಣಿಸಿತು. ಕಣ್ಣು ಮುಚ್ಚಿಕೊಂಡು ಒಂದು ಊದಿದೆ, ಉದ್ದಕ್ಕೆ.

ಎಡಕ್ಕೆ ತಂದರು. ನಿಲ್ಲಿಸಿದರು. ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಆರಿಸಿದರು. ಬಹಳ ಹೊತ್ತು ಸ್ಟೇರಿಂಗ್ ಹಿಡಿದೇ ಕೂತಿದ್ದರು. ಆಮೇಲೆ ಕೀ ತೆಗೆದು, ಹಿಂದಕ್ಕೆ ತಿರುಗದೆ, ಭುಜದ ಮೇಲಿಂದ ನನ್ನತ್ತ ಚಾಚಿದರು.

"ಎಷ್ಟು ದಿನ ಆಯ್ತು ಮೇಡಂ?"

"ಮೂರು ತಿಂಗಳು ಅಣ್ಣ."

"ಮೂರು ತಿಂಗಳೂ ಆ ತಾತನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದೀನಲ್ಲ" ಎಂದರು. ನನ್ನನ್ನು ಬೈದದ್ದು ಅಷ್ಟೇ. ನಾನು ಅಳುತ್ತ, ಭಯ ಆಯ್ತು ಅಣ್ಣ ಎಂದೆ. "ನನಗೂ ಈಗ ಆಗ್ತಿದೆ" ಎಂದರು. ಅಕ್ಕ ಅವರ ಎಡಗೈ ಹಿಡಿದುಕೊಂಡರು.

ಆ ದಿನಕ್ಕೂ ಅವರು ತಯಾರಿ ಮಾಡಿಟ್ಟಿದ್ದರು. ನಮ್ಮ ಬೀದಿಯ ಆಟೋದವನ ಹತ್ತಿರ ಎರಡು ವರ್ಷ ಮೊದಲೇ ಮಾತಾಡಿದ್ದರಂತೆ. ವ್ಯಾನನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆ ಸೇರಿ, ಸಂಜೆ ಅಕ್ಕ ಫೋನ್ ಮಾಡಿದರೆ ಅವನು, "ಗೊತ್ತು ಅಕ್ಕ, ಮಂಗಳವಾರ, ಶುಕ್ರವಾರ. ಅಣ್ಣ ಹೇಳಿದ್ರು" ಎಂದ. ಮೂಲೆಮನೆ ತಾತನಿಗೆ ಒಂದು ದಿನವೂ ತಪ್ಪಲಿಲ್ಲ. ಡ್ರೈವರಣ್ಣನನ್ನು ನರರೋಗದ ಡಾಕ್ಟರ ಹತ್ತಿರ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಬಂದವರು ಅಕ್ಕ. ಕೈಯಲ್ಲಿ ಫೈಲು ಹಿಡಿದು, ಸ್ಟಾಪ್ ಬರುವ ಮೊದಲೇ ಎದ್ದು ಬಾಗಿಲ ಹತ್ತಿರ ನಿಲ್ಲುತ್ತಿದ್ದ ಅವರನ್ನು ನೋಡಿ, ಆ ಭಾನುವಾರಗಳ ಅಳು ಯಾತಕ್ಕಾಗಿತ್ತು ಎಂದು ನನಗೆ ಅರ್ಥವಾಯಿತು.

ಎರಡು ವರ್ಷದಲ್ಲಿ ಅವರು ನನ್ನ ಮುಖ ಮರೆತರು, ಅಕ್ಕನ ಹೆಸರು ಮರೆತರು, ಊಟ ಮಾಡಿದ್ದನ್ನು ಮರೆತರು. ವಿಶಲ್ ಮರೆಯಲಿಲ್ಲ. ಯಾರು ಎಬ್ಬಿಸಿದರೂ ಏಳದವರು ನಾನು ಎರಡು ಊದಿದರೆ ಎದ್ದು ಬಂದು ಗೇಟಿನವರೆಗೆ ನಡೆಯುತ್ತಿದ್ದರು. ಬಚ್ಚಲಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಒಂದು ದಿನ ಎರಡು ಊದಿದರೂ ಏಳಲಿಲ್ಲ. ಕೊನೆಯ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಮಾತಿರಲಿಲ್ಲ, ಕಣ್ಣು ತೆರೆಯಲಿಲ್ಲ, ಬಲಗಾಲು ಮಾತ್ರ ಹೊದಿಕೆಯೊಳಗೆ ಮಂಚದ ಹಲಗೆಯನ್ನು ಒತ್ತುತ್ತಿತ್ತು. "ಯಾರೋ ಅಡ್ಡ ಬಂದಿರ್ಬೇಕು" ಎಂದು ಅಕ್ಕ ಪಾದಕ್ಕೂ ಹಲಗೆಗೂ ನಡುವೆ ತಮ್ಮ ಅಂಗೈ ಇಟ್ಟರು. ಸಂಜೆಯ ಹೊತ್ತಿಗೆ ಪಾದ ಸಡಿಲವಾಯಿತು.

ಅವರಿಗೆ ನಾನು ಮೂರು ತಿಂಗಳ ಬಾಕಿ ಉಳಿಸಿಕೊಂಡಿದ್ದೇನೆ. ಅದು ತೀರುವಂಥದ್ದಲ್ಲ. ನನ್ನ ಬಚ್ಚಲಿಗೂ ಕಂಬಿ ಹಾಕಿಸಿದ್ದೇನೆ, ಬಾಗಿಲ ಹಿಂದೆ ಚಾರ್ಟ್ ಅಂಟಿಸಿದ್ದೇನೆ, ಬುಧವಾರಗಳಲ್ಲಿ ಬೀದಿಯ ಮುದುಕಿಯರನ್ನು ಆಟೋದಲ್ಲಿ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. ಬೆಳಿಗ್ಗೆ ಆರಕ್ಕೆ ಈಗ ಅಕ್ಕ ಮತ್ತು ನಾನು ಗುಡ್ಡಕ್ಕೆ ಹೋಗುತ್ತೇವೆ. ವಿಶಲ್ ಅಕ್ಕನ ಕೊರಳಲ್ಲಿದೆ. ನಾನೇ ದೇವಸ್ಥಾನದ ಅದೇ ಮೆಟ್ಟಿಲ ಮೇಲೆ ಕೂತು ಹಾಕಿದ್ದು. ನನ್ನ ತಲೆ ತಪ್ಪುತ್ತಿದೆ ಅನ್ನಿಸಿದ ದಿನ ಒಂದೇ ಊದಿ ಅಕ್ಕ, ಮನೆಗೆ ಬೀಗ ಹಾಕಿ ಕೀ ನಿಮಗೆ ಕೊಟ್ಟು ನಿಮ್ಮ ಜೊತೆ ಬಂದುಬಿಡುತ್ತೇನೆ ಎಂದು ಹೇಳಿದ್ದೇನೆ. ಅವರು ಮಾತು ಕೊಟ್ಟಿದ್ದಾರೆ.

ಕಳೆದ ವಾರ ಟೈಲರ್ ಅಂಗಡಿಯ ಹತ್ತಿರ ರಸ್ತೆ ದಾಟಲು ನಿಂತಿದ್ದೆವು. ಏನೋ ಯೋಚಿಸುತ್ತ, "ಅಣ್ಣ ಯಾಕಕ್ಕ ಇವತ್ತು ಬರ್ಲಿಲ್ಲ?" ಎಂದುಬಿಟ್ಟೆ.

ಅಕ್ಕ ನನ್ನ ಮುಖ ನೋಡಿದರು. ಅವರ ಕೈ ಕೊರಳಿಗೆ ಹೋಯಿತು. ವಿಶಲನ್ನು ತುಟಿಗಿಟ್ಟುಕೊಂಡು ಬಹಳ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಎರಡು ಊದಿದರು.

ರಸ್ತೆ ದಾಟಿದೆವು. ಅಕ್ಕ ನನ್ನ ಕೈ ಬಿಡಲಿಲ್ಲ. ಆ ಮೂರು ತಿಂಗಳು ನಾನೂ ಎರಡೇ ಊದುತ್ತಿದ್ದೆ.