ಎಡೆಗಿಟ್ಟ ಗಂಜಿ

ಮಾಳಿಗೆಯ ಮೇಲೆ ಕೂತು, ಮೊಳಕೆ ಬರಿಸಿ ಒಣಗಿಸಿದ ಸಜ್ಜೆಯನ್ನು ಅಂಗೈಯಲ್ಲಿ ತಿಕ್ಕಿ ಮೊಳಕೆ ಉದುರಿಸುತ್ತಿದ್ದೆ. ಆಗ ಬೇವೂರಿನಿಂದ ಸುದ್ದಿ ಬಂತು: ನಾದಿನಿ ಜ್ವರದಲ್ಲಿ ತೀರಿಕೊಂಡಿದ್ದಳು.

ಅದು ನಿಜಾಮರ ಆಳ್ವಿಕೆಯ ಕಾಲ. ಮಣ್ಣು ಮಾಡಿದ ಮೇಲೆ ಗಂಡಸರು, ಹಲ್ಲು ಮೂಡುತ್ತಿದ್ದ ಆಕೆಯ ಹೆಣ್ಣು ಕೂಸನ್ನು ಕುಷ್ಟಗಿಗೆ, ನಮ್ಮ ಮನೆಗೆ ತಂದರು. ಹಾಲು ಕುಡಿಸಿದರೆ ಕಕ್ಕುತ್ತಿತ್ತು. ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬರಬರುತ್ತ ಅಳುವ ದನಿಯೂ ಸಣ್ಣಗಾಯಿತು.

ಸತ್ತವರಿಗೆ ಎಡೆ ಇಟ್ಟು, ಕೋಣೆಯ ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕೂಡುವುದು ನಮ್ಮ ರೂಢಿ. ಎಡೆಯ ದಿನ ಜೋಳದ ನುಚ್ಚಿನ ಗಂಜಿಯನ್ನು ಸೌಟು ನಿಲ್ಲುವಷ್ಟು ಗಟ್ಟಿಯಾಗಿ ಕಾಯಿಸಿದೆ. ನಾದಿನಿಗೆ ಮೊಳಕೆ ಸಜ್ಜೆಯ ಹಿಟ್ಟೆಂದರೆ ಇಷ್ಟ. ಅದನ್ನು ಮೊದಲೇ ಹಾಕಿ ಕುದಿಸಬೇಕಿತ್ತು; ದುಃಖದಲ್ಲಿ ಮರೆತು, ಒಲೆಯಿಂದ ಇಳಿಸಿ ಬಿಸಿ ತುಸು ಆರಿದ ಮೇಲೆ ಕಲಸಿ, ಎಡೆಗಿಟ್ಟು ಹೊರಗೆ ಬಂದೆ.

ಬಾಗಿಲು ತೆರೆದಾಗ ಗಂಜಿ ನೀರಾಗಿತ್ತು. ಪಾತ್ರೆಯಲ್ಲಿ ಮಟ್ಟ ಇಳಿದಿರಲಿಲ್ಲ. ಸತ್ವವನ್ನಷ್ಟೇ ಯಾರೋ ಹೀರಿದಂತಿತ್ತು.

“ಬಂದು ಉಂಡು ಹೋಗ್ಯಾಳ,” ಎಂದರು ಅತ್ತೆ, ಗೋಡೆ ಹಿಡಿದು. “ಚೆಲ್ಲವಾ ಅದನ್ನ. ಸತ್ತಾಕಿ ಎಂಜಲ ಅದು. ಕೂಸಿಗೆ ಕೊಟ್ರ ಕೂಸನ್ನೂ ಕರಕೊಂಡು ಹೋಗ್ತಾಳ.”

ಬೆರಳದ್ದಿ ನೆಕ್ಕಿದೆ. ಬೆಲ್ಲ ಹಾಕಿರಲಿಲ್ಲ, ಆದರೂ ಸಿಹಿ.

“ಹಡದಾಕಿ ಎಂಜಲ ಅಲ್ಲೇನ್ರಿ ಅತ್ತಿ? ಮಗಳಿಗೆ ಸಿಹಿ ಮಾಡಿಟ್ಟು ಹೋಗ್ಯಾಳ.”

“ನಾಲಿಗಿ ಬಿದ್ದೀತು ನಿಂದು!”

“ಬೀಳಲಿ ಬಿಡ್ರಿ. ನಿಮಗ ಎದುರು ಮಾತಾಡೂದರ ತಪ್ಪತೈತಿ.”

ಶಿವನನ್ನು ನೆನೆದು ಮತ್ತೊಂದು ಕುದಿ ಬರಿಸಿ, ಆರಿಸಿ, ಒಳಲೆಯಲ್ಲಿ ಕುಡಿಸಿದೆ. ಕೂಸು ಗುಟುಕು ಗುಟುಕಾಗಿ ನುಂಗಿತು. ಕಕ್ಕಲಿಲ್ಲ. ಅದೊಂದು ಕರುಣೆ. ಕೈ ಚಾಚಿ ಇನ್ನಷ್ಟು ಕೇಳಿತು. ಅದು ಇನ್ನೊಂದು.

ಮೊಳಕೆಯೊಳಗೆ ಕಿಣ್ವಗಳಿರುತ್ತವೆ, ಕುದಿಸಿದರೆ ಕೆಡುತ್ತವೆ ಎಂದು, ವಿಜ್ಞಾನ ಓದಿದ ನನ್ನ ಮೊಮ್ಮಗಳು ಈಗ ಹೇಳುತ್ತಾಳೆ. ನಾನು ಆಮೇಲೆ ಹಾಕಿದ್ದರಿಂದ ಅವು ಉಳಿದು, ಹಿಟ್ಟಿನ ಉದ್ದುದ್ದ ಸರಪಳಿಗಳನ್ನು ಕಡಿದು ಸಕ್ಕರೆ ಮಾಡಿದವಂತೆ. ಕೂಸಿನ ಮೈಯೊಳಗೆ ಬೇರೆ ಕಿಣ್ವಗಳು ಆ ತುಣುಕುಗಳನ್ನೇ ಮತ್ತೆ ಹೆಣೆದು ಕೂಡಿಟ್ಟವಂತೆ. ಇರಬಹುದು. ಮುಚ್ಚಿದ ಕೋಣೆಯಲ್ಲಿ ಕಣ್ಣಿಗೆ ಕಾಣದ್ದೇನೋ ಕೆಲಸ ಮಾಡುತ್ತಿತ್ತು ಎಂಬುದನ್ನಂತೂ ಅವಳೂ ಒಪ್ಪುತ್ತಾಳೆ.

ಅಂದು ಅತ್ತೆ ಕೂಸನ್ನು ನನ್ನಿಂದ ಎತ್ತಿಕೊಂಡರು. ಯಾರೂ ಇಲ್ಲದ ಆ ಕೋಣೆಯ ಕಡೆ ತಿರುಗಿ, “ಕೂಸು ಉಂಡೈತಿ. ಇನ್ನ ಹೋಗವಾ, ತಾಯಿ,” ಎಂದರು.

ನಾನು ರೊಟ್ಟಿಗೆ ಹಿಟ್ಟು ನಾದಲು ಕುಳಿತೆ.