ಹುಲಿಗೆಮ್ಮ ಮತ್ತು ಜಪಾನಿನ ಮಕ್ಕಳು

ಕಳೆದ ವಾರ ದೇಶದ ಮರ್ಯಾದೆ ಉಳಿಸುವ ಸಲುವಾಗಿ ಹುಲಿಗೆಮ್ಮ ಎಂಬ ಐದನೆಯ ತರಗತಿಯ ಹುಡುಗಿಗೆ "ನಾಳೆ ಶಾಲೆಗೆ ಬರಬೇಡ" ಎಂದು ಹೇಳಿಬಿಟ್ಟರು.

ತಮಾಷೆ ಅಲ್ಲ. ನಾನು ಪಾಠ ಹೇಳುವ ಶಾಲೆಯಲ್ಲೇ ನಡೆದದ್ದು. (ಸಿಂಧನೂರು, ಮಸ್ಕಿ ನಡುವಿನ ಒಂದು ಊರು ಅಂತಷ್ಟೇ ಇಟ್ಟುಕೊಳ್ಳಿ. ನಮ್ಮ ಹೆಡ್‌ಮಾಸ್ತರರು ಈ ಅಂಕಣ ಓದುತ್ತಾರೆ.)

ಆ ದಿನ ನಾನು ಲಿಂಗಸುಗೂರಿಗೆ ಶಿಕ್ಷಕರ ಮೀಟಿಂಗಿಗೆ ಹೋಗಿದ್ದೆ. ಜಗತ್ತಿನ ದೇಶಗಳೆಲ್ಲ ಸೇರಿ ಗುರಿ ಇಟ್ಟುಕೊಂಡಿವೆ, ಇನ್ನುಳಿದ ಕೆಲವೇ ವರ್ಷಗಳಲ್ಲಿ, ಅಂದರೆ ಎರಡು ಸಾವಿರದ ಇಸವಿಯೊಳಗೆ, ಒಂದು ಮಗುವೂ ಶಾಲೆಯ ಹೊರಗೆ ಇರಬಾರದು ಎಂದು ಸಾಹೇಬರೊಬ್ಬರು ವಿವರಿಸಿದರು. ಚಪ್ಪಾಳೆ ಆಯಿತು, ಚಹಾ ಬಂತು. ಖುಷಿಯಿಂದ ಬಸ್ಸು ಹತ್ತಿದೆ. ಹುಲಿಗೆಮ್ಮನನ್ನು ಗದ್ದೆಯಿಂದ ಶಾಲೆಗೆ ತಂದವಳು ನಾನೇ ಅಲ್ಲವೆ? ಅವಳ ಅವ್ವ ದುರುಗಮ್ಮನನ್ನು ಒಪ್ಪಿಸಲು ಎಷ್ಟು ಸಲ ಅವರ ಮನೆಗೆ ಎಡತಾಕಿದ್ದೆ!

ಅತ್ತ ಶಾಲೆಗೆ ಬೇರೆ ಸುದ್ದಿ ಬಂದಿತ್ತು. ನಾಳೆಯೇ ಬೆಂಗಳೂರಿನಿಂದ ಒಬ್ಬರು ಮೇಡಂ ಬಂದು ಐದನೆಯ ತರಗತಿಗೆ ಲೆಕ್ಕದ ಪರೀಕ್ಷೆ ಕೊಡುತ್ತಾರೆ. ಅದೇ ಪ್ರಶ್ನೆಗಳನ್ನು ಜಪಾನ್ ಮುಂತಾದ ಬೇರೆ ದೇಶಗಳ ಮಕ್ಕಳೂ ಬಿಡಿಸುತ್ತಾರೆ. ಆಮೇಲೆ ಹೋಲಿಸಿ ನೋಡುತ್ತಾರೆ.

ಹೆಡ್‌ಮಾಸ್ತರರು ಕೂಡಲೇ ಹಾಜರಿ ಪುಸ್ತಕ ಹಿಡಿದು ಕೂತರಂತೆ. ಮರುದಿನ ಬೆಳಿಗ್ಗೆ ನನಗೆ ಹೇಳಿದರು: "ಜಪಾನ್ ಹುಡುಗ್ರ ಮುಂದ ನಮ್ಮ ಇಜ್ಜತ್ ಹೋದ್ರ ಯಾರ್ರೀ ಜವಾಬ್ದಾರಿ? ಭಾಗಾಕಾರ ಬರಲಾರದವ್ರಿಗೆ ಇವತ್ತೊಂದಿನ ಮನ್ಯಾಗ ಇರ್ರಿ ಅಂತ ಹೇಳೀನಿ. ಹುಲಿಗೆಮ್ಮಗೂ ಹೇಳೀನಿ."

"ಸರ್, ಸಸಿ ಹಚ್ಚೋ ದಿನ ಇವು. ಒಮ್ಮೆ ಗದ್ದಿಗೆ ಇಳದ್ಲಂದ್ರ ಆಕಿ ಮತ್ತ ಬರ್ತಾಳೇನ್ರೀ?"

ಅವರು ಕರಿಹಲಗೆ ಒರೆಸತೊಡಗಿದರು. ಕೆಟ್ಟವರಲ್ಲ ಅವರು. ಹೆದರಿದ್ದರು, ಅಷ್ಟೇ.

ಪರೀಕ್ಷೆಗೆ ಇನ್ನೂ ಹೊತ್ತಿತ್ತು. ಗದ್ದೆಯತ್ತ ನಡೆದೆ. (ನಡೆದೆ ಅನ್ನುವುದು ಮರ್ಯಾದೆಗೆ. ಓಡಿದೆ.) ದುರುಗಮ್ಮ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಭತ್ತದ ಸಸಿ ಹಚ್ಚುತ್ತಿದ್ದಳು. ಪಕ್ಕದಲ್ಲಿ ಮಗಳಿರಲಿಲ್ಲ.

"ಹುಲಿಗೆಮ್ಮ ಎಲ್ಲ್ಯಾಳ?"

"ಮುಂಜಾನೇನ ಸಾಲಿಗೆ ಹೋಗ್ಯಾಳಲ್ರೀ ಅಕ್ಕೋರ! ಪರೀಕ್ಷಾ ಐತಿ ಅಂದ್ಲು."

"ಸಾಲ್ಯಾಗ ಇಲ್ಲವ್ವಾ, ನಾ ಅಲ್ಲಿಂದನ ಬಂದೆ."

ದುರುಗಮ್ಮನ ಕೈಯಲ್ಲಿದ್ದ ಸಸಿ ನೀರಿಗೆ ಬಿತ್ತು. ಅವಳು ಮೊದಲು ನೋಡಿದ್ದು ಕಾಲುವೆಯ ಕಡೆಗೆ. ನಾನೂ ಅಲ್ಲಿಗೇ ನೋಡಿದೆ. ಹೊಸದಾಗಿ ಬಿಟ್ಟ ನೀರು ದಂಡೆ ಮುಟ್ಟಿ ಹರಿಯುತ್ತಿತ್ತು. ಶಾಲೆಗೆ ಬೇಡ ಅನ್ನಿಸಿಕೊಂಡ ಮಗು, ಅವ್ವನಿಗೂ ಹೇಳಲಾರದ ಮಗು, ಎಲ್ಲಿಗೆ ಹೋಗುತ್ತದೆ?

ಇಬ್ಬರೂ ದಂಡೆಗುಂಟ ಹೆಸರು ಕೂಗುತ್ತ ಬಂದೆವು. ಓಗೊಡುವವರಿಲ್ಲ. ನಾಲ್ಕು ಜನರನ್ನು ಕರೆದುಕೊಂಡು ಮತ್ತೆ ಹುಡುಕೋಣವೆಂದು ಶಾಲೆಗೆ ಬಂದರೆ, ಪರೀಕ್ಷೆ ಶುರುವಾಗಿತ್ತು. ಕಿಟಕಿಯಲ್ಲಿ ಇಣುಕಿದೆ.

ಮುಂದಿನ ಸಾಲಿನಲ್ಲೇ ಹುಲಿಗೆಮ್ಮ! ನಾಲಿಗೆ ತುದಿ ಕಚ್ಚಿಕೊಂಡು, ಪೆನ್ಸಿಲ್ ಒತ್ತಿ ಒತ್ತಿ ಬರೆಯುತ್ತಿದ್ದಳು.

ದುರುಗಮ್ಮ ಗೋಡೆಗೆ ಒರಗಿ ಅಲ್ಲೇ ಕೂತಳು. "ಬದುಕಿದೆ ಯವ್ವಾ" ಅಂತ ನಕ್ಕಳು, ಅತ್ತಳು. ನಾನು ಸ್ಟ್ರಿಕ್ಟ್ ಟೀಚರ್ ಅಂತ ಊರಿಗೇ ಗೊತ್ತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಆದದ್ದಿಷ್ಟು. ಒಳಗೆ ಹೋಗಲು ಧೈರ್ಯವಿಲ್ಲ, ಮನೆಯಲ್ಲಿರಲು ಮನಸ್ಸಿಲ್ಲ. ಹುಡುಗಿ ಶಾಲೆಯ ಹಿಂದೆ ಕೈಪಂಪಿನ ಹತ್ತಿರ ಕೂತಿದ್ದಳು. ಬಸ್ಸಿಳಿದು ಬಂದ ಬೆಂಗಳೂರಿನ ಮೇಡಂ ಮುಖ ತೊಳೆಯಲು ಅಲ್ಲಿಗೆ ಹೋದರು. ಯಾವ ಕ್ಲಾಸು ಎಂದು ಕೇಳಿ, ಕೈ ಹಿಡಿದು ಒಳಗೆ ಕರೆತಂದರು.

ಪರೀಕ್ಷೆ ಮುಗಿದ ಮೇಲೆ ಹೆಡ್‌ಮಾಸ್ತರರು ಬೆವರೊರೆಸಿಕೊಳ್ಳುತ್ತ, "ಆಕಿಗೆ ಭಾಗಾಕಾರ ಬರಂಗಿಲ್ರೀ ಮೇಡಂ" ಅಂದರು.

"ಅದನ್ನ ತಿಳ್ಕೊಳ್ಳೋಕೇ ಬಂದಿದ್ದು ಸರ್. ಬರೋರನ್ನ ಮಾತ್ರ ಕೂರಿಸಿದ್ರೆ, ಬರದೇ ಇರೋರಿಗೆ ಏನು ಕಲಿಸಬೇಕು ಅಂತ ಹೇಗೆ ಗೊತ್ತಾಗುತ್ತೆ? ಮಕ್ಕಳ ಹೆಸರು ಎಲ್ಲೂ ಬರಲ್ಲ. ಊರಿನ ಹೆಸರೂ ಬರಲ್ಲ."

"ಊರ ಹೆಸರೂ ಇಲ್ಲೇನ್ರೀ?" ಹೆಡ್‌ಮಾಸ್ತರರು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಮುಖ ಅರಳಿತು. ಎಲ್ಲರಿಗೂ ಚಹಾ ತರಿಸಿದರು, ದುರುಗಮ್ಮನಿಗೂ. ಮಧ್ಯಾಹ್ನ, ಮನೆಯಲ್ಲಿ ಉಳಿದಿದ್ದ ಮಕ್ಕಳೂ ಪರೀಕ್ಷೆ ಬರೆಯಲೆಂದು ಅವರನ್ನು ಕರೆತರಲು ಸೈಕಲ್ ಹತ್ತಿ ತಾವೇ ಹೊರಟರು. (ಇದನ್ನೂ ಓದುತ್ತಾರಲ್ಲ, ಅದಕ್ಕೇ ಬರೆದೆ. ನಿಜವೂ ಹೌದು.)

ಹುಲಿಗೆಮ್ಮನನ್ನು ಕೇಳಿದೆ: "ಹೆಂಗ ಬರದಿ?"

"ಎಲ್ಡು ಲೆಕ್ಕ ಬಂದುವ್ರೀ ಅಕ್ಕೋರ. ಉಳದುವು ನಾಳೆ ಕಲಸ್ರಿ."

ನಾಳೆ ಅಂದಳಲ್ಲ! ಆ ಒಂದು ಮಾತಿಗೆ ನನ್ನ ಜೀವ ಹಗುರಾಯಿತು.

ಜಗತ್ತಿನ ಮಕ್ಕಳ ಜೊತೆ ನಮ್ಮ ಮಕ್ಕಳನ್ನು ಹೋಲಿಸಲಿ ಬಿಡಿ, ತಪ್ಪೇನು? ನಾವು ಎಷ್ಟನೆಯವರು ಅಂತ ನಮಗೂ ತಿಳಿಯಲಿ. ಆದರೆ ಎಲ್ಲ ಮಕ್ಕಳನ್ನೂ ಒಳಗೆ ಕರೆಯುತ್ತೇವೆ ಅಂತ ಲಿಂಗಸುಗೂರಿನಲ್ಲಿ ಚಪ್ಪಾಳೆ ಹೊಡೆದು, ಲೆಕ್ಕ ಬರದವರನ್ನು ಪರೀಕ್ಷೆಯ ದಿನ ಹೊರಗೆ ಕೂರಿಸಿ ಜಪಾನನ್ನು ಸೋಲಿಸಿದರೆ, ಗೆದ್ದವರು ಯಾರು?